ಸೊಸೆಗೆ ಬರೆದ ನಿದ್ದೆ

ಏಕಾಂತಯ್ಯ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಕತ್ತನ್ನು ಕೊಕ್ಕರೆಯಂತೆ ಚಾಚಿ, ಥೇಟು ಡಾಕ್ಟರ ದನಿಯಲ್ಲೇ ಗೊಣಗಿದರು. "ಊಟ ಆದ್ಮೇಲೆ ಅರ್ಧ ಗಂಟೆ ಮಲ್ಕೊಳ್ಳಿ. ಬಿಪಿ ಇಳಿಯುತ್ತೆ, ತಲೆ ಹಗುರ ಆಗುತ್ತೆ. ಜಾಸ್ತಿ ಮಾತ್ರ ಬೇಡ."

ಗುಬ್ಬಿಯಿಂದ ಬಂದಿದ್ದ ಗೆಳೆಯ ಪುಟ್ಟರಂಗಯ್ಯ ನಕ್ಕು ನಕ್ಕು ಪಂಚೆಯ ಮೇಲೆ ಕಾಫಿ ಚೆಲ್ಲಿಕೊಂಡರು.

ಡಾಕ್ಟರು ಹಾಗೆ ಹೇಳಿದ್ದು ಸೊಸೆ ಉಮಾಮಹೇಶ್ವರಿಗೆ. ಅವಳು ತುಂಬು ಬಸುರಿ, ಕಾಲು ಊದಿಕೊಂಡಿತ್ತು. ಹಿಂದಿನ ವರ್ಷ ಇದೇ ಬಿಪಿಯಿಂದ ಒಂದು ಮಗು ಹೊಟ್ಟೆಯಲ್ಲೇ ಹೋಗಿತ್ತು. ಜೊತೆಗೆ ಹೋಗಿದ್ದ ಮಾವ ಎಲ್ಲವನ್ನೂ ಗಮನವಿಟ್ಟು ಕೇಳಿ, ಉಪ್ಪಾರಹಳ್ಳಿಯ ಮನೆ ಸೇರಿದವರೇ ಮಂಚ ಹತ್ತಿದ್ದರು. ಮದ್ದು ಬರೆದದ್ದು ಸೊಸೆಗೆ, ಗುಣ ಕಂಡದ್ದು ಮಾವನಿಗೆ.

"ಬಸುರಿ ಹಗಲೊತ್ತು ಮಲಗಿದ್ರೆ ಮಗು ಸೋಮಾರಿ ಆಗುತ್ತೆ ಕಣೇ," ಎಂದರು ಅತ್ತೆ ಸರ್ವಮಂಗಳಮ್ಮ. "ನೀನೂ ಬಿದ್ಕೊಂಡ್ರೆ ನಿಮ್ ಮಾವನ್ನ ಎಬ್ಬಿಸೋರ್ಯಾರು?"

ಅರ್ಧ ಗಂಟೆ ಮೀರಿದರೆ ಮಾವನಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಆದ್ದರಿಂದ ಉಮಾ ದಿನವೂ ಕೋಣೆಯ ಹೊರಗೆ ಗಡಿಯಾರ ನೋಡುತ್ತ ಕಾಯಬೇಕಿತ್ತು. ಒಂದು ಮಧ್ಯಾಹ್ನ ಗೋಡೆಗೊರಗಿದವಳಿಗೆ ಜೊಂಪು ಹತ್ತಿತು. ಮಾವ ಎದ್ದಾಗ ಸಂಜೆಯಾಗಿತ್ತು, ಅವರು ಹೋಗಬೇಕಿದ್ದ ಮಠದ ಸಭೆ ಮುಗಿದಿತ್ತು.

"ಏನಮ್ಮಾ, ನನ್ನ ಹೆಣ ಅಂದ್ಕೊಂಡು ಸುಮ್ನಾಗ್ಬಿಟ್ಯಾ?"

"ಮಾವ, ಡಾಕ್ಟ್ರು ಮಲ್ಕೋ ಅಂದಿದ್ದು ನನ್ಗೆ."

ಮರುದಿನ ಗಂಡ ಬಸವರಾಜ್ ಕೀಲಿ ಕೊಡುವ ಅಲಾರಂ ಗಡಿಯಾರ ತಂದ. "ಅಪ್ಪನ್ನ ಇದು ಎಬ್ಬಿಸುತ್ತೆ. ನೀನು ಆರಾಮಾಗಿ ಮಲ್ಕೋ."

ಮೊದಲ ದಿನವೇ ಅದು ಕಿರುಚಿದ ರಭಸಕ್ಕೆ ಏಕಾಂತಯ್ಯ ಎದೆ ಹಿಡಿದುಕೊಂಡು ಕೂತರು. "ಪ್ರಾಣಾನೇ ಹೋಗಿತ್ತಲ್ಲೋ. ಉಮಾ ಆಗಿದ್ರೆ ಮಗೂನ ಎಬ್ಬಿಸ್ದಂಗೆ ಎಬ್ಬಿಸ್ತಿದ್ಲು."

"ಹಂಗಾದ್ರೆ ಅವಳ ಹತ್ರಾನೇ ಇರ್ಲಿ ಬಿಡಿ. ಅಡುಗೆಮನೇಲಿ ಮಲ್ಕೊಂಡು, ಅದು ಹೊಡೆದಾಗ ಎದ್ದು ನಿಮ್ಮನ್ನ ಎಬ್ಬಿಸ್ತಾಳೆ," ಎಂದ ಬಸವರಾಜ್, ಇಬ್ಬರಿಗೂ ನ್ಯಾಯ ಒದಗಿಸಿದವನಂತೆ.

"ಆಗ್ಲಿ. ಸದ್ದು ಮಾತ್ರ ನನ್ ರೂಮಿಗೆ ಬರ್ಬಾರ್ದು ನೋಡಮ್ಮ."

ಮರುದಿನ ಊಟವಾದ ಮೇಲೆ ಉಮಾ ಅಡುಗೆಮನೆಯ ಬಾಗಿಲು ಮುಚ್ಚಿ, ಚಾಪೆ ಹಾಸಿ, ಮಗ್ಗುಲಾಗಿ ಮಲಗಿದಳು. ಗಡಿಯಾರವನ್ನು ಹಳೇ ಸೀರೆಯಲ್ಲಿ ಸುತ್ತಿ ಹೊಟ್ಟೆಯ ಪಕ್ಕ ಇಟ್ಟುಕೊಂಡಿದ್ದಳು. ಗೋಡೆಯಾಚೆ ಗೊರಕೆ ಏರುತ್ತಿತ್ತು. ಅಲಾರಂ ಬಾಯಿ ತೆರೆಯುವ ಮುಂಚೆಯೇ ಒತ್ತಿಬಿಡಬೇಕೆಂದು ಬೆರಳನ್ನು ಅದರ ಗುಂಡಿಯ ಮೇಲಿಟ್ಟು, ಅವಳು ಕಣ್ಣು ಬಿಟ್ಟುಕೊಂಡೇ ಇದ್ದಳು.