ಮಲಕಾಜಪ್ಪನ ಅಂಟುಗಾಲು

ಕೊಲ್ಲಿ ದೇಶದ ರಾಯ್ ಎಂಬ ಕೈಗಾರಿಕಾ ಪ್ರದೇಶದ ಜನರೇಟರ್ ರಿಪೇರಿ ಗ್ಯಾರೇಜಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದ ಮಲಕಾಜಪ್ಪನಿಗೆ ಬಿಸಿ ಸೈಲೆನ್ಸರ್ ಹತ್ತಿರ ಹೇಗೆ ನಿಲ್ಲಬೇಕೆಂದು ಚೆನ್ನಾಗಿ ಗೊತ್ತಿತ್ತು. ಹೊಸಬರಿಗೆ ಅದನ್ನು ಕಲಿಸುತ್ತಿದ್ದವನೂ ಅವನೇ. ಹಾಗೆ ಕಲಿಸುತ್ತಲೇ ಒಂದು ಹೆಜ್ಜೆ ಹಿಂದಕ್ಕೆ ಇಟ್ಟು, ಎಡಗಾಲಿನ ಮೀನಖಂಡ ಸುಟ್ಟುಕೊಂಡ. ಅಂಗೈ ಅಗಲದ ಗಾಯ.

ಅಬ್ಬಾಸಿಯಾ ಬಡಾವಣೆಯ ಮನೆಯಲ್ಲಿ ಹೆಂಡತಿ ನೀಲಕ್ಕ ಗಾಯಕ್ಕೆ ಬಹಳ ಹೊತ್ತು ತಣ್ಣೀರು ಬಿಟ್ಟಳು. ಆಮೇಲೆ ಅಡುಗೆಮನೆಯಿಂದ ಒಂದು ಬಾಟಲಿ ತಂದಳು. ಅದು ಖಾನಾಪುರದ ಅಕ್ಕ ಕೊಟ್ಟ ಜೇನುತುಪ್ಪ. ಮೂರು ಸೀರೆಯಲ್ಲಿ ಸುತ್ತಿಸಿಕೊಂಡು ವಿಮಾನದಲ್ಲಿ ಬಂದಿತ್ತು. ಅದನ್ನೇ ಗಾಯದ ತುಂಬ ಸವರಿ, ಹಳೆಯ ಧೋತರದ ತುಂಡು ಕಟ್ಟಿದಳು. ಆಕೆಯ ತವರಿನಲ್ಲಿ ಸುಟ್ಟ ಗಾಯಕ್ಕೆ ಬೇರೆ ಮದ್ದೇ ಇರಲಿಲ್ಲ.

ಅಲ್ಲಿಂದ ಮಲಕಾಜಪ್ಪನ ಪಾಡು ಶುರುವಾಯಿತು. ಪ್ಯಾಂಟು ಕಾಲಿಗೆ ಅಂಟಿತು, ಕಾಲು ಕಂಪನಿ ವ್ಯಾನಿನ ಸೀಟಿಗೆ ಅಂಟಿತು. ಮೂರನೆಯ ದಿನ ಗ್ಯಾರೇಜಿನಲ್ಲಿ ಊಟಕ್ಕೆ ಕೂತಾಗ ಇರುವೆಗಳು ಎಲ್ಲರ ಡಬ್ಬಿಗಳನ್ನೂ ಬಿಟ್ಟು ನೇರ ಅವನ ಕಾಲಿಗೆ ಸಾಲು ಹಿಡಿದವು. ಜೊತೆ ಕೆಲಸಗಾರ ಸವಾದ್, ಇಷ್ಟು ವರ್ಷ ಅವು ತನ್ನ ಅನ್ನಕ್ಕೆ ಬರುತ್ತಿದ್ದವು, ಇನ್ನು ನೆಮ್ಮದಿ ಎಂದ. ಉಳಿದವರೆಲ್ಲ ನಕ್ಕರು. ಅಂದು ಸಂಜೆಯೇ ಮಲಕಾಜಪ್ಪ ಹೆಂಡತಿಗೆ ಹೇಳದೆ ಕ್ಲಿನಿಕ್ಕಿಗೆ ಹೋದ.

ಡಾಕ್ಟರ್ ಶ್ಯಾಮಸುಂದರ್ ಮೈಸೂರಿನ ಕಡೆಯವರು. ತನಗೆ ಮನೆಮದ್ದು ಬೇಡ, ಇಂಗ್ಲಿಷ್ ಔಷಧವೇ ಬೇಕು ಎಂದು ಮಲಕಾಜಪ್ಪ ಮೊದಲೇ ಹೇಳಿಬಿಟ್ಟ. ಅವರು ನಕ್ಕು, ಗಾಯದಲ್ಲಿ ಕೀವಿಲ್ಲ ಎಂದರು. ಮಂಗಳೂರಿನ ನರ್ಸ್ ಸ್ಯಾಂಡ್ರಾ ಗಾಯ ತೊಳೆದು, ಒಂದು ಟ್ಯೂಬಿನಿಂದ ಜೆಲ್ ಹಚ್ಚಿ ಪಟ್ಟಿ ಕಟ್ಟಿ, ಎರಡು ದಿನಕ್ಕೊಮ್ಮೆ ಹೀಗೆಯೇ ಮಾಡಲು ಹೇಳಿ ಟ್ಯೂಬು ಕೊಟ್ಟಳು. ಟ್ಯೂಬು ಬೆಳ್ಳಿ ಬಣ್ಣದ್ದಾಗಿತ್ತು, ಮೇಲೆ ಇಂಗ್ಲಿಷ್ ಇತ್ತು. ಮಲಕಾಜಪ್ಪನಿಗೆ ಅಷ್ಟೇ ಸಾಕಾಯಿತು.

ಮನೆಗೆ ಬಂದು ಹೆಂಡತಿಗೆ ಪಾಠ ಶುರುಮಾಡಿದ. ಇದು ಪ್ರಯೋಗಾಲಯದಲ್ಲಿ ತಯಾರಾದದ್ದು, ಇದರ ವಾಸನೆಗೇ ಇರುವೆ ಓಡುತ್ತದೆ ಎಂದೆಲ್ಲ ಹೇಳಿದ. ಪಟ್ಟಿ ಬದಲಿಸುವ ದಿನ ನೀಲಕ್ಕ ಟ್ಯೂಬು ಹಿಂಡಿ, ಮೂಸಿ ನೋಡಿ, ಬೆರಳಿಗೆ ಹತ್ತಿದ್ದನ್ನು ನಾಲಿಗೆಗೆ ಇಟ್ಟುಕೊಂಡಳು.

“ಏನ್ ಮಾಡಾಕತ್ತಿ? ವಿಷ ಇರ್ತೈತಿ ಅದು.”

“ಜೇನುತುಪ್ಪ ಐತ್ರಿ,” ಎಂದಳು ನೀಲಕ್ಕ. “ರುಚಿ ನಮ್ಮದs ಛಲೋ ಐತಿ.”

ಮಲಕಾಜಪ್ಪ ಕನ್ನಡಕ ಹುಡುಕಿ ಓದಿದ. ಇಂಗ್ಲಿಷಿನಲ್ಲಿ ‘ಹನಿ’, ಅಂದರೆ ಜೇನು, ಎಂದೇ ಬರೆದಿತ್ತು.

ಮರುದಿನ ಜಗಳವಾಡಲೆಂದೇ ಕ್ಲಿನಿಕ್ಕಿಗೆ ಹೊರಟ. ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ನೀಲಕ್ಕನೂ ಬಂದಳು. ಡಾಕ್ಟರು ಸಮಾಧಾನದಿಂದ ತಿಳಿಸಿದರು: ಜೇನಿನಲ್ಲಿ ನೀರು ಕಡಿಮೆ, ಹುಳಿ ಅಂಶ ಹೆಚ್ಚು, ಅದು ಕ್ರಿಮಿಗಳ ಮೈಯ ನೀರನ್ನೇ ಹೀರುತ್ತದೆ, ಗಾಯದ ತೇವ ತಾಗಿದಾಗ ನಿಧಾನವಾಗಿ ಕ್ರಿಮಿನಾಶಕವೂ ಅದರಲ್ಲೇ ಹುಟ್ಟುತ್ತದೆ. ಅದಕ್ಕೇ ಆಸ್ಪತ್ರೆಗಳಲ್ಲೂ ಬಳಸುತ್ತಾರೆ. ನೀಲಕ್ಕ ಗಂಡನ ಮುಖ ನೋಡಿ, ಬಾಟಲಿಯನ್ನು ಮೇಜಿನ ಮೇಲೆ ಇಟ್ಟಳು.

“ಆದ್ರೆ ಇದನ್ನಲ್ಲಮ್ಮ,” ಎಂದರು ಡಾಕ್ಟರು. “ಅಡುಗೆಮನೆ ಜೇನಲ್ಲಿ ಕಣ್ಣಿಗೆ ಕಾಣದ ರೋಗಾಣು ಇರಬಹುದು. ಟ್ಯೂಬಿನದ್ದನ್ನ ವಿಕಿರಣ ಹಾಯಿಸಿ ಶುದ್ಧ ಮಾಡಿರ್ತಾರೆ. ನಿಮ್ಮದನ್ನ ಆರಾಮಾಗಿ ತಿನ್ನಿ, ಗಾಯಕ್ಕೆ ಮಾತ್ರ ಹಚ್ಚಬೇಡಿ.”

ಈಗ ಮಲಕಾಜಪ್ಪ ಹೆಂಡತಿಯ ಮುಖ ನೋಡಿದ. ಟ್ಯಾಕ್ಸಿಯಲ್ಲಿ ಡಾಕ್ಟರ ಮಾತಿನ ಮೊದಲರ್ಧವನ್ನು ಆಕೆ, ಎರಡನೆಯ ಅರ್ಧವನ್ನು ಅವನು ಮನೆ ಮುಟ್ಟುವವರೆಗೂ ಹೇಳಿಕೊಂಡರು. ಚಾಲಕ ರೇಡಿಯೋದ ಸದ್ದು ಹೆಚ್ಚಿಸಿದ.

ಆದರೂ ಮೂರು ವಾರ, ಎರಡು ದಿನಕ್ಕೊಮ್ಮೆ, ನೀಲಕ್ಕನೇ ಕೆಳಗೆ ಕೂತು ಆ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಪಟ್ಟಿ ಕಟ್ಟಿದಳು. ಅವನು ಮೊಬೈಲ್ ನೋಡುತ್ತ ಕೂತಿರುತ್ತಿದ್ದ.

ಕೊನೆಯ ಸಲ ಕ್ಲಿನಿಕ್ಕಿಗೆ ಹೋದಾಗ ಗಾಯ ಒಣಗಿ ಗುಲಾಬಿ ಬಣ್ಣದ ಹೊಸ ಚರ್ಮ ಬಂದಿತ್ತು. ಬಿಚ್ಚಿದ ಪಟ್ಟಿಯನ್ನು ಕೈಯಲ್ಲಿ ಹಿಡಿದು ಸ್ಯಾಂಡ್ರಾ ಕೇಳಿದಳು: “ಇಷ್ಟು ಚಂದ ಕಟ್ಟಿದ್ದು ಯಾರು ಮಾರಾಯ್ರೆ?”

ಮಲಕಾಜಪ್ಪ ಬಾಗಿಲ ಕಡೆ ನೋಡಿದ. ನೀಲಕ್ಕ ಹೊರಗೆ ಕೂಲರಿನಿಂದ ನೀರು ಹಿಡಿಯುತ್ತಿದ್ದಳು. ಅವನು ದನಿ ತಗ್ಗಿಸಿದ.

“ನಮ್ಮಾಕಿ ಕಟ್ಯಾಳ್ರಿ. ಆಕಿ ಕೈ ಛಲೋ ಐತಿ.”

“ಒಂದೀಟು ಜೋರಾಗಿ ಹೇಳ್ರಿ,” ಎಂದಳು ನೀಲಕ್ಕ, ಲೋಟದಿಂದ ಕಣ್ಣೆತ್ತದೆ. “ಇಲ್ಲಿಗೆ ಕೇಳಂಗಿಲ್ಲ.”

ಅವನು ಇನ್ನೊಮ್ಮೆ ಹೇಳಿದ.