ಅರ್ಧ ದಾರಿ

ಬಾಫೂರ್‌ನ ಟ್ಯಾಕ್ಸಿ ಅವನ ಮಗಳಿಗಿಂತ ಹಳೆಯದು, ಹಟದಲ್ಲೂ ಅವಳಿಗಿಂತ ಒಂದು ಕೈ ಮೇಲೆ. ಇಷ್ಟು ವರ್ಷ ಕೆಮ್ಮಿ ಕ್ಯಾಕರಿಸಿಯಾದರೂ ಓಡುತ್ತಿದ್ದದ್ದು ಈಗಲೇ ಕೈಕೊಡಬೇಕೆ? ಮಗಳು ಸೆರ್ವಾಗೆ ದಿನ ತುಂಬಿತ್ತು. ಅಳಿಯ ದೂರದ ಚಿನ್ನದ ಗಣಿಯಲ್ಲಿದ್ದ. ಕಳೆದ ಸಲ ಬಾಫೂರ್ ಟ್ಯಾಕ್ಸಿ ತೆಗೆದುಕೊಂಡು ಪರವೂರಿಗೆ ಹೋಗಿದ್ದಾಗ ಅವಳಿಗೆ ನೋವು ಬಂದಿತ್ತು. ಬೇರೆ ಗಾಡಿ ಸಿಕ್ಕಿ ಕುಮಾಸಿಯ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಗು ಹೊಟ್ಟೆಯಲ್ಲೇ ತೀರಿಹೋಗಿತ್ತು. ಈ ಸಲ ನಾನೇ ಕರೆದೊಯ್ಯುತ್ತೇನೆ ಎಂದು ಅವನು ಮಗಳ ತಲೆ ಮುಟ್ಟಿ ಹೇಳಿದ್ದ. ಹೇಳಿದವನ ಗಾಡಿ ಈಗ ಅಂಗಳದಲ್ಲಿ ಕಲ್ಲಿನ ಹಾಗೆ ಕೂತಿತ್ತು.

ಪೆಟ್ರೋಲ್ ಟ್ಯಾಂಕಿನ ತಳಕ್ಕೆ ನಾಲ್ಕು ಬಿಗಿದರೆ ಒಳಗೆ ಎಂಜಿನ್ನಿಗೆ ಪೆಟ್ರೋಲ್ ದೂಡುವ ಸತ್ತ ಪಂಪು ಒಮ್ಮೊಮ್ಮೆ ಎದ್ದು ಕೂರುತ್ತದೆ. ಬಾಫೂರ್ ಫುಫು ಮುದ್ದೆ ಕುಟ್ಟುವ ಒನಕೆ ತಂದು ಬಿಗಿದ. ಊಟದ ಒನಕೆಗೆ ಪೆಟ್ರೋಲ್ ವಾಸನೆ ಹಿಡಿಸಿದೆಯಲ್ಲ ಎಂದು ಸೆರ್ವಾ ಬೈದಳು. ಗಾಡಿ ಹೇಗೋ ಎದ್ದು, ಕುಂಟುತ್ತಾ ಸುವಾಮೆಯ ಗ್ಯಾರೇಜು ಬೀದಿ ತಲುಪಿ, ಫಿಟ್ಟರ್ ಒಡೂರೊನ ಬಾಗಿಲಲ್ಲೇ ಮತ್ತೆ ಪ್ರಾಣ ಬಿಟ್ಟಿತು.

ಒಡೂರೊ ಕೀಲಿ ತಿರುಗಿಸಿ, ಹಿಂದಿನ ಸೀಟಿಗೆ ಕಿವಿ ಇಟ್ಟ. ಆ ಸೀಟಿನಡಿಯಿಂದ ಪಂಪು ಗುಂಯ್ ಎನ್ನಬೇಕು. ಎನ್ನಲಿಲ್ಲ.

“ಮಾಸ್ಟರ್, ಮನೆಗೋಗಿ ಸೂತಕದ ಕೆಂಪು ಬಟ್ಟೆ ಉಟ್ಕೊಂಡು ಬಾ. ಪಂಪು ತೀರ್ಕೊಂಡಿದೆ.”

“ಹೊಸದಕ್ಕೆ ಎಷ್ಟಾಗುತ್ತೆ?”

“ಈ ಗಾಡಿ ಮಾರಿದ್ರೆ ಬರೋವಷ್ಟು.”

“ಹಾಗಿದ್ರೆ ಹಳೇದೇ ಹಾಕು.”

“ಅದು ನಿನ್ನ ಮೂತಿ ನೋಡ್ದಾಗ್ಲೇ ಗೊತ್ತಾಯ್ತು.”

ಗ್ಯಾರೇಜಿನ ಹಿಂದೆ ಅಂಥದ್ದೇ ಇನ್ನೊಂದು ಗಾಡಿ ಬಿದ್ದಿತ್ತು. ಮೂತಿ ನಜ್ಜುಗುಜ್ಜು, ಹಿಂಭಾಗಕ್ಕೆ ಒಂದು ಗೀರೂ ಇಲ್ಲ. ಒಡೂರೊ ಕೈ ಒರೆಸಿಕೊಂಡು, ಯಾರದೋ ಮನೆ ಬಾಗಿಲಲ್ಲಿ ನಿಂತವನ ಹಾಗೆ ಅದರ ಹಿಂಬಾಗಿಲ ಮುಂದೆ ನಿಂತು “ಅಗೂ” ಎಂದ. ಒಳಗೆ ಬರಲೇ ಎಂದು ಕೇಳುವ ಮಾತು. ಆಮೇಲೆ ಸುಮ್ಮನೆ ಕಾದ.

ಬಾಫೂರ್‌ನ ಕಿವಿಗೆ ಫೋನು ಅಂಟಿತ್ತು. ಬರುವಾಗ ಹೊಗೆಮೀನು ತಾ ಎಂದು ಮಗಳು ಹೇಳುತ್ತಿದ್ದಳು. ಮಗ್ಗುಲಲ್ಲಿ ‘ಅಗೂ’ ಕೇಳಿತು, ಬಾಯಿ ತಾನಾಗಿ “ಅಮೇ” ಎಂದಿತು. ಬಾ ಒಳಗೆ, ಅಂತ. ಮಾತು ಕಲಿತ ದಿನದಿಂದ ಆಡಿದ್ದು. ಕಳ್ಳನೇ ಬಂದು ಅಗೂ ಎಂದರೂ ನಮ್ಮವರ ಬಾಯಿ ಅಮೇ ಎಂದುಬಿಡುತ್ತದೆ.

ಒಡೂರೊನ ಮುಖ ಇಳಿಯಿತು. “ಯಾರೋ ಈಗ ಉತ್ತರ ಕೊಟ್ಟಿದ್ದು?”

“ನಾನೇ. ಯಾಕೆ?”

“ಈ ಗಾಡೀಲಿ ಒಬ್ಬಳು ಜೀವ ಬಿಟ್ಟಿದಾಳೆ ಮಾರಾಯ. ಅವಳ ಮನೆಯೋರು ಅಪಘಾತದ ಜಾಗಕ್ಕೆ ಬಂದು ಅವಳ ಜೀವಾನ ಕರ್ಕೊಂಡೂ ಹೋಗಿಲ್ಲ. ಅದಕ್ಕೇ ಅಗೂ ಅಂತೀವಿ. ಉತ್ತರ ಬರದಿದ್ರೆ ಒಳಗೆ ಯಾರೂ ಇಲ್ಲ ಅಂತ ಕೈ ಹಾಕ್ತೀವಿ. ನೀನು ನೋಡಿದ್ರೆ ಬಾ ಅಂತ ಕರೆದೇಬಿಟ್ಯಲ್ಲೋ!”

“ನಾನು ಅಂದಿದ್ದು ನಿನಗೆ ಕಣೋ.”

“ಕೇಳಿಸ್ಕೊಂಡೋರಿಗೆ ಅದು ಗೊತ್ತಾಗ್ಬೇಕಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾಡೆಲ್ಲಿನ ಪಂಪು ಬೀದಿಯಲ್ಲಿ ಇನ್ನೆಲ್ಲೂ ಇರಲಿಲ್ಲ, ಮಗಳ ದಿನಗಳು ಕಾಯುವಂತಿರಲಿಲ್ಲ. ಹಾಕು ಎಂದ ಬಾಫೂರ್. ಒಡೂರೊ ಕೆಲಸಕ್ಕಿಳಿದ. ಆ ಗಾಡಿಯ ಪಂಪನ್ನು ಬಿಚ್ಚಿ, ಅದಕ್ಕೆ ಹೊಸ ಜಾಲರಿ ತೊಡಿಸಿ, ಬಾಫೂರ್‌ನ ಟ್ಯಾಂಕಿನೊಳಗೆ ಇಳಿಸಿ, ಪೈಪು ಬಿಗಿದು, ಸೀಟು ಮುಚ್ಚಿದ. ಕೀಲಿ ತಿರುಗಿಸಿದರೆ ಗುಂಯ್ ಎಂದಿತು. ಕೀಲಿ ಕಿತ್ತು ಕೈಗೆ ತೆಗೆದುಕೊಂಡ ಮೇಲೂ ತುಸು ಹೊತ್ತು ಎನ್ನುತ್ತಲೇ ಇತ್ತು.

“ಹಳೇ ಸಾಮಾನು, ಹಾಗೇನೇ,” ಎಂದ ಒಡೂರೊ, ಬೇರೆಲ್ಲೋ ನೋಡುತ್ತಾ.

ಮರುಭೂಮಿಯ ಧೂಳುಗಾಳಿಯ ಕಾಲ ಅದು. ನಡುಮಧ್ಯಾಹ್ನವೂ ಸೂರ್ಯನನ್ನು ಬರಿಗಣ್ಣಲ್ಲಿ ನೋಡಬಹುದಿತ್ತು. ದಾರಿಯಲ್ಲಿ ಜನ ಕೈ ಅಡ್ಡ ಹಾಕುತ್ತಿದ್ದರು, ಹಿಂದಿನ ಸೀಟು ಇಣುಕುತ್ತಿದ್ದರು, “ಜಾಗ ಇಲ್ವಲ್ಲ” ಎಂದು ಹಿಂದೆ ಸರಿಯುತ್ತಿದ್ದರು. ಬಾಫೂರ್ ತಿರುಗಿ ನೋಡಿದರೆ ಸೀಟು ಖಾಲಿ. ಜನಕ್ಕೆ ಕಣ್ಣಿಗೂ ಧೂಳು ಬಿದ್ದಿದೆ ಎಂದುಕೊಂಡ.

ಕೊನೆಗೆ ಬಾಳೆಕಾಯಿ ಮಾರುವ ಮುದುಕಿಯೊಬ್ಬಳು ಹತ್ತಿದಳು. ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಿಗೆ ಅಂಟಿ ಕೂತಳು.

“ಅಜ್ಜಿ, ಆರಾಮಾಗಿ ಕೂರು. ಸೀಟು ಪೂರಾ ಖಾಲಿ ಇದೆಯಲ್ಲ.”

“ಖಾಲಿ ಇರೋದು ನಿನ್ನ ತಲೆ. ಕಾಲು ಚಾಚಿರೋ ಈ ಹುಡುಗೀನ ಎತ್ತಿ ನನ್ನ ತಲೆ ಮೇಲೆ ಕೂರಿಸ್ಕೊಳ್ಲಾ?”

ಬಾಫೂರ್ ಕನ್ನಡಿ ನೋಡಲಿಲ್ಲ. ನೋಡುವ ಧೈರ್ಯ ಅವನಿಗಿರಲಿಲ್ಲ. ಇಳಿಯುವಾಗ ಮುದುಕಿ ಕಿಟಕಿಗೆ ಬಗ್ಗಿ ಉಗಿದಳು: “ಆ ಹುಡುಗೀನ ಒಳಗೆ ಕರೆದು ಕೂರಿಸಿದೋನು ಒಂದು ಲೋಟ ನೀರು ಕೊಡಲ್ಲ, ಯಾಕೆ ಬಂದೆ ಅಂತ ಕೇಳಲ್ಲ. ಯಾವ ಮನೇಲಿ ಬೆಳೆದ್ಯೋ ನೀನು?”

ಮನೆಯಲ್ಲಿ ಅವನು ತುಟಿ ಪಿಟಕ್ಕೆನ್ನಲಿಲ್ಲ. ಬಸುರಿಗೆ ಹೇಳುವ ಮಾತೇ ಅದು?

ಮರುದಿನ ಬೆಳಿಗ್ಗೆ ನೋವು ಶುರುವಾಯಿತು. ಮುಂದೆ ಕೂರು ಎಂದರೆ ಸೆರ್ವಾ ಕೇಳಲಿಲ್ಲ, ಮಲಗಬೇಕೆಂದು ಹಿಂದೆಯೇ ಹತ್ತಿದಳು. ಧೂಳಿನಲ್ಲಿ ದಾರಿಬದಿಯ ಮರಗಳೂ ಕಾಣುತ್ತಿರಲಿಲ್ಲ.

“ಅಪ್ಪಾ, ಕಾಲು ಚಾಚೋಕಾಗ್ತಿಲ್ಲ. ಏನೋ ಅಡ್ಡ ಬರ್ತಿದೆ.”

“ಸ್ವಲ್ಪ ತಡ್ಕೋ ಕಂದ, ಬಂದೇಬಿಡ್ತು.”

ಬಂದದ್ದು ಆಸ್ಪತ್ರೆಯಲ್ಲ. ಹಿಂದೆ ಮುಂದೆ ಒಂದು ಗುಡಿಸಲೂ ಇಲ್ಲದ ಕಡೆ ಗಾಡಿ ನಿಂತಿತು. ಕೀಲಿ ತಿರುಗಿಸಿದ, ಗುಂಯ್ ಇಲ್ಲ. ಇಳಿದು ಟ್ಯಾಂಕಿಗೆ ಒದ್ದ, ಗುದ್ದಿದ, ಗೋಗರೆದ. ಒಳಗೆ ಸೆರ್ವಾ ಚೀರುತ್ತಿದ್ದಳು. ಇನ್ನೊಂದು ಮೊಮ್ಮಗುವೂ ಹೀಗೇ ದಾರಿಯಲ್ಲೇ ಹೋಗುತ್ತದೆ ಎಂದು ಅವನ ಎದೆ ಒಡೆದುಹೋಯಿತು. ಆಗ ಮುದುಕಿಯ ಬೈಗುಳ ನೆನಪಾಯಿತು.

ನೀರಿನ ಬಾಟಲಿ ತೆಗೆದುಕೊಂಡು ಆಚೆ ಬದಿಯ ಹಿಂಬಾಗಿಲು ತೆರೆದ. ಮಗಳ ಪಾದದಾಚೆಗಿನ ಬರಿದು ಮೂಲೆಗೆ ತಲೆಬಾಗಿ, ನೆಲಕ್ಕೆ ನೀರು ಬಿಟ್ಟ. ಮಾತು ಮನೆಯ ಯಜಮಾನನದೇ ಆಗಿತ್ತು.

“ತಪ್ಪಾಯ್ತು ತಾಯಿ. ತಗೋ, ನೀರು ಕುಡಿ. ನಮ್ಮಲ್ಲೆಲ್ಲ ಕ್ಷೇಮ. ಬಂದ ಸಮಾಚಾರ ಹೇಳು.”

ಚೀರಾಟ ಥಟ್ಟನೆ ನಿಂತಿತು. ಸೆರ್ವಾ ಕಣ್ಣು ಮುಚ್ಚಿಕೊಂಡೇ, ಸಂತೆಗೆ ಹೊರಟವಳ ಸಮಾಧಾನದಲ್ಲಿ ಹೇಳಿದಳು: “ಕೆಟ್ಟ ಸುದ್ದಿ ಹೊತ್ತು ಬಂದಿಲ್ಲ. ಹೆರಿಗೆಗೆ ಅಂತ ಅಮ್ಮನ ಮನೆಗೆ ಹೊರಟಿದ್ದೆ. ನಡುದಾರೀಲಿ ಹೀಗಾಯ್ತು. ನೀರು ಕೊಟ್ರಿ, ಕೇಳಿದ್ರಿ, ಸಂತೋಷ. ಇನ್ನು ನನಗೆ ದಾರಿ ಕೊಡಿ.”

ಹೊರಡುವ ಅತಿಥಿ ದಾರಿ ಕೇಳುವುದು ಪದ್ಧತಿ. ಬಾಫೂರ್‌ಗೆ ಹೋದ ಜೀವ ಬಂದಂತಾಯಿತು. “ಕೊಟ್ಟೆ ತಾಯಿ, ಅರ್ಧ ದಾರಿ ಕೊಟ್ಟೆ,” ಎಂದುಬಿಟ್ಟ.

ಮರ್ಯಾದಸ್ಥರ ಮನೆಯಲ್ಲಿ ಯಾರೂ ಪೂರ್ತಿ ದಾರಿ ಕೊಡುವುದಿಲ್ಲ. ಕೊಟ್ಟರೆ ಇನ್ನು ಬರಬೇಡ ಎಂದ ಹಾಗೆ. ಅರ್ಧ ಕೊಟ್ಟು, ಉಳಿದರ್ಧಕ್ಕೆ ಮತ್ತೆ ಬಾ ಎನ್ನುತ್ತೇವೆ. ಏನು ಆಡಿದೆನೆಂಬುದು ಬಾಫೂರ್‌ನ ತಲೆಗೆ ಹತ್ತುವ ಮೊದಲೇ, ಕೀಲಿ ಮುಟ್ಟದಿದ್ದರೂ ಪಂಪು ಗುಂಯ್ ಎಂದಿತು. ಸೆರ್ವಾ ಕಾಲು ಚಾಚಿ ಮತ್ತೆ ಚೀರಿದಳು.

ಆಸ್ಪತ್ರೆಯ ಒಳಗೆ ಒಯ್ದ ಸ್ವಲ್ಪ ಹೊತ್ತಿಗೇ ಹೆಣ್ಣುಮಗು ಹುಟ್ಟಿತು. ಗಟ್ಟಿಮುಟ್ಟಾದ ಮಗು. ಬಾಫೂರ್ ಗೋಡೆಗೆ ಮುಖ ಕೊಟ್ಟು ಅತ್ತ. ಆಮೇಲೆ ಮಗಳ ಹತ್ತಿರ ಬಂದು, ದಾರಿಯಲ್ಲಿ ಅಮ್ಮನ ಮನೆಗೆ ಹೊರಟಿದ್ದೆ ಅಂದೆಯಲ್ಲ, ಯಾಕೆ ಎಂದು ಮೆಲ್ಲಗೆ ಕೇಳಿದ.

“ನಾನಾ? ಅಮ್ಮ ಹೋಗಿ ಎಷ್ಟು ವರ್ಷ ಆಯ್ತು! ನಿನಗೆ ನಿದ್ದೆಗೆಟ್ಟು ತಲೆ ಕೆಟ್ಟಿದೆ,” ಎಂದು ಸೆರ್ವಾ ಕಣ್ಣು ಮುಚ್ಚಿದಳು.

ಹುಟ್ಟಿದ ಮಗು ಎಂಟನೆಯ ದಿನ ಹೆಸರಿಡುವವರೆಗೆ ಈ ಲೋಕದ ಅತಿಥಿ ಎಂದು ಹಿರಿಯರು ಹೇಳುತ್ತಾರೆ. ಮನಸ್ಸಾದರೆ ಇರುತ್ತದೆ, ಇಲ್ಲದಿದ್ದರೆ ಬಂದ ಕಡೆಗೇ ಹೋಗುತ್ತದೆ. ಬಾಫೂರ್ ತೊಟ್ಟಿಲ ಮೇಲೆ ಬಗ್ಗಿದ. ಮಗು ಅಳುತ್ತಿರಲಿಲ್ಲ. ಗುರುತು ಹಿಡಿದವಳ ಹಾಗೆ ಅವನನ್ನೇ ದಿಟ್ಟಿಸಿ, ನಿಧಾನವಾಗಿ ಬಾಗಿಲ ಕಡೆ ಮುಖ ತಿರುಗಿಸಿತು. ಅವನಿಗೆ ಭಯವಾಯಿತು. ಆದರೂ ಎತ್ತಿಕೊಂಡ. ಎದೆಗೆ ಒತ್ತಿಕೊಂಡು, ಕಾಲಿನಿಂದ ಬಾಗಿಲು ದೂಡಿ ಮುಚ್ಚಿದ.

“ಎಲ್ಲಿಗೂ ಹೋಗೋದು ಬೇಡ. ಎಷ್ಟು ಕೇಳಿದ್ರೂ ಇನ್ನು ದಾರಿ ಕೊಡಲ್ಲ.”

“ಯಾರ ಹತ್ರ ಮಾತಾಡ್ತಿದ್ದೀಯ ಅಪ್ಪಾ?” ಎಂದಳು ಸೆರ್ವಾ ನಿದ್ದೆಗಣ್ಣಲ್ಲಿ.

“ನಿನ್ನ ಮಗಳ ಹತ್ರ,” ಎಂದ. ಹೇಳಿದ್ದು ನಿಜವೋ ಸುಳ್ಳೋ ಅವನಿಗೇ ತಿಳಿಯಲಿಲ್ಲ.