ಬುಡದಲ್ಲಿ ನಂಬರಿದ್ದ ಬಿಳಿ ಮಗ್

ನಾನು ಎನಾಮಲ್ ಬಳಿದ ಒಂದು ತಗಡಿನ ಮಗ್. ನನ್ನನ್ನು ಮಾಡಿದವರು ಅಗಲವಾದ ಬಾಯಿ ಕೊಟ್ಟರು, ಹಿಡಿಯಲು ಒಂದು ಕಿವಿ ಕೊಟ್ಟರು, ನಾಲಿಗೆ ಮಾತ್ರ ಕೊಡಲಿಲ್ಲ. ಕೊಟ್ಟಿದ್ದರೆ ಒಂದು ಬೆಳಿಗ್ಗೆ ನಾನು ಬಾಯಿ ಬಡಿದುಕೊಳ್ಳುತ್ತಿದ್ದೆ, ಒಬ್ಬನ ಬಾಳು ಬೇರೆ ದಾರಿ ಹಿಡಿಯುತ್ತಿತ್ತು. ಆ ಸಿಟ್ಟು ನನಗೆ ಇನ್ನೂ ಆರಿಲ್ಲ.

ಹುಟ್ಟಿದ್ದು ಒಂದು ಕಾರ್ಖಾನೆಯಲ್ಲಿ. ತಗಡನ್ನು ಒತ್ತಿ, ಬಿಳಿ ಬಣ್ಣದಲ್ಲಿ ಅದ್ದಿ, ಕುಲುಮೆಯಲ್ಲಿ ಸುಟ್ಟು, ಅಂಚಿಗೊಂದು ನೀಲಿ ಗೆರೆ ಎಳೆದರು. ನನ್ನಂಥ ನೂರು ಜನರನ್ನು ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮಲಗಿಸಿ ಸೈನ್ಯದ ತರಬೇತಿ ಕೇಂದ್ರಕ್ಕೆ ಕಳಿಸಿದರು. ಅದು ಯಾವ ಕೇಂದ್ರ ಎಂದು ಹೇಳುವುದಿಲ್ಲ. ಎಲ್ಲಾ ಕಡೆಯೂ ನಮ್ಮವರ ಕಥೆ ಒಂದೇ. ಇಸವಿ ಸಾವಿರದ ಒಂಬೈನೂರ ಎಪ್ಪತ್ತೊಂಬತ್ತು.

ಅಲ್ಲಿ ತಲೆ ಬೋಳಿಸಿಕೊಂಡ ಹುಡುಗರು ಸಾಲಾಗಿ ನಿಂತಿದ್ದರು. ಒಬ್ಬೊಬ್ಬನಿಗೂ ಎರಡು ಕಂಬಳಿ, ಬೂಟು, ತಟ್ಟೆ, ಒಂದು ಮಗ್. ನಾನು ದುರಗಪ್ಪನ ಪಾಲಿಗೆ ಬಂದೆ. ಹತ್ತೊಂಬತ್ತರ ಹುಡುಗ, ಎಲುಬು ಕಾಣುವ ಮೈ, ನಕ್ಕರೆ ಒಸಡೆಲ್ಲ ಕಾಣುವ ಬಾಯಿ. ಅವನ ಅಪ್ಪ ಗದಗಿನ ರೈಲ್ವೆ ಸ್ಟೇಷನ್ನಿನಲ್ಲಿ ಹಮಾಲ. ರಜೆಗೆ ಬರುವ ಮಿಲಿಟರಿಯವರ ಕರಿ ಟ್ರಂಕುಗಳನ್ನು ಮೂವತ್ತು ವರ್ಷ ತಲೆಯ ಮೇಲೆ ಹೊತ್ತವನು. ತನ್ನ ಮಗನ ಟ್ರಂಕನ್ನು ಒಮ್ಮೆ ಹಾಗೆ ಹೊತ್ತು ಊರೊಳಗೆ ನಡೆಯಬೇಕು ಎನ್ನುವುದೊಂದೇ ಆ ಮನುಷ್ಯನ ಆಸೆ. ಇದನ್ನು ದುರಗಪ್ಪ ಪಕ್ಕದ ಮಂಚದ ರುದ್ರಗೌಡನಿಗೆ ಹೇಳಿ ಹೇಳಿ ಅವನ ಕಿವಿ ತೂತು ಮಾಡಿದ್ದ.

ರುದ್ರಗೌಡನೂ ಗದಗಿನ ಕಡೆಯವನೇ. ಇಬ್ಬರೂ ಒಂದೇ ದಿನ ಭರ್ತಿಯಾದವರು. ದುರಗಪ್ಪನ ನಂಬರಿನ ಕೊನೆಗೆ 41, ರುದ್ರಗೌಡನದಕ್ಕೆ 47. ದುರಗಪ್ಪ ಬೆಂಕಿಕಡ್ಡಿಯನ್ನು ಕಪ್ಪು ಬಣ್ಣದಲ್ಲಿ ಅದ್ದಿ ತನ್ನ ನಂಬರನ್ನು ನನ್ನ ಬುಡದ ಮೇಲೆ ಬರೆದ. ಬರೆಯುವಾಗ ನಾಲಿಗೆ ಹೊರಗೆ ಹಾಕಿ ಕಚ್ಚಿಕೊಂಡಿದ್ದ. ನನ್ನ ಹೆಸರು ಅದೇ.

ಆಮೇಲೆ ಅವನು ನನ್ನಲ್ಲಿ ಒಂದು ಹನಿ ಚಹಾ ಕುಡಿಯಲಿಲ್ಲ. ಅಲ್ಲಿನ ಪದ್ಧತಿಯೇ ಹಾಗೆ. ಸರ್ಕಾರ ಕೊಟ್ಟ ಸಾಮಾನನ್ನು ಬಳಸಿದರೆ ಹಾಳಾಗುತ್ತದೆ, ಹಾಳಾದರೆ ಇನ್ಸ್‌ಪೆಕ್ಷನ್ ದಿನ ಶಿಕ್ಷೆ. ಆದ್ದರಿಂದ ಜಾಣ ಹುಡುಗರು ಬಜಾರಿನಿಂದ ಅಲ್ಯುಮಿನಿಯಂ ಲೋಟ ತಂದು ಕುಡಿಯುತ್ತಿದ್ದರು. ಮಗ್ಗನ್ನು ಟವೆಲ್ಲಿನಲ್ಲಿ ಸುತ್ತಿ ಟ್ರಂಕಿನಲ್ಲಿ ಮಲಗಿಸುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಇನ್ಸ್‌ಪೆಕ್ಷನ್ ದಿನ ನನ್ನನ್ನು ಕಂಬಳಿಯ ಬಲ ಮೂಲೆಯಲ್ಲಿ, ಕಿವಿ ಬಾಗಿಲ ಕಡೆಗೆ ಬರುವ ಹಾಗೆ ಇಡಬೇಕು. ಇಪ್ಪತ್ತು ಮಂಚ, ಇಪ್ಪತ್ತು ಮಗ್, ಇಪ್ಪತ್ತು ಕಿವಿಯೂ ಒಂದೇ ಕಡೆಗೆ. ಯುದ್ಧ ಬಂದರೆ ಶತ್ರು ನಮ್ಮ ಕಿವಿಯ ಸಾಲು ನೋಡಿಯೇ ಓಡಿಹೋಗುತ್ತಾನೆ ಎಂದುಕೊಂಡಿದ್ದರೋ ಏನೋ.

ರುದ್ರಗೌಡ ಮಾತ್ರ ಬೇರೆ ಲೋಟ ಕೊಳ್ಳಲಿಲ್ಲ. ಅಸಡ್ಡೆ. ತನ್ನ ಮಗ್‌ನಲ್ಲೇ ಕುಡಿದು, ಅದರಲ್ಲೇ ಮುಖ ಕ್ಷೌರ ಮಾಡಿಕೊಂಡು ತಿರುಗುತ್ತಿದ್ದ.

ಆ ಬೆಳಿಗ್ಗೆ ಏಳು ಗಂಟೆಗೆ ದೊಡ್ಡ ಸಾಹೇಬರ ಇನ್ಸ್‌ಪೆಕ್ಷನ್. ಆರೂಕಾಲಿಗೆ ರುದ್ರಗೌಡ ನಲ್ಲಿಯ ಕಲ್ಲಿನ ಮೇಲೆ ತನ್ನ ಮಗ್ ಬೀಳಿಸಿದ. ಹೆಬ್ಬೆರಳಗಲ ಎನಾಮಲ್ ಹಾರಿಹೋಯಿತು. ಕಿಟಕಿಯಿಂದ ನಾನು ಕಂಡೆ, ಬೇರೆ ಯಾರೂ ನೋಡಲಿಲ್ಲ. ಅದನ್ನು ಅಲ್ಲೇ ಚರಂಡಿಗೆ ಒಗೆದು, ಮುಖ ಬಿಳಿಚಿಕೊಂಡು ಒಳಗೆ ಬಂದ. ದುರಗಪ್ಪ ಆಗಲೇ ಎಲ್ಲವನ್ನೂ ಜೋಡಿಸಿ ಮುಗಿಸಿದ್ದ. ಗೆಳೆಯನ ಹಾಸಿಗೆ ಇನ್ನೂ ಅರ್ಧಂಬರ್ಧ ಇದ್ದದ್ದು ನೋಡಿ ಅವನಿಗೆ ಕನಿಕರ ಬಂತು.

“ಲೇ ಗೌಡಾ, ನೀ ಹಾಸಿಗಿ ಸಜ್ಜ ಮಾಡ್ಕೋ. ಚಾ ಸಾಲಿನ್ಯಾಗ ನಾ ನಿಲ್ತೇನಿ, ನಿನಗೂ ತರ್ತೇನಿ” ಎಂದು ಅಲ್ಯುಮಿನಿಯಂ ಲೋಟ ಹಿಡಿದು ಓಡಿದ.

ಅವನ ಬೆನ್ನು ಬಾಗಿಲು ದಾಟಿತು. ರುದ್ರಗೌಡನ ಕೈ ನನ್ನ ಕಿವಿ ಹಿಡಿಯಿತು. ಬೆಂಕಿಕಡ್ಡಿ, ಕಪ್ಪು ಬಣ್ಣ, ನನ್ನ ಬುಡದ ಒಂದಕ್ಕೆ ಮೇಲೊಂದು ಗೆರೆ. ನಲವತ್ತೊಂದು ನಲವತ್ತೇಳಾಯಿತು. ಎಣಿಸಿ ನಾಲ್ಕು ಉಸಿರಿನ ಕೆಲಸ.

ದುರಗಪ್ಪ ಚಹಾ ತಂದು ಮೊದಲು ರುದ್ರಗೌಡನ ಕೈಗೆ ಕೊಟ್ಟ. ಆಮೇಲೆ ತನ್ನ ಕಂಬಳಿಯ ಬಲ ಮೂಲೆ ನೋಡಿದ. ಮಂಚದ ಕೆಳಗೆ ನೋಡಿದ, ಟ್ರಂಕು ತಡಕಿದ, ಬೂಟಿನೊಳಗೂ ಕೈ ಹಾಕಿದ. “ನನ್ನ ಮಗ್ ನೋಡೀಯೇನೋ?” ಎಂದು ಕೇಳಿದ. “ಇಲ್ಲೋ” ಎಂದ ರುದ್ರಗೌಡ, ಅವನೇ ತಂದ ಚಹಾ ಗುಟುಕರಿಸುತ್ತ. ನಾನು ಮೂರಡಿ ದೂರದಲ್ಲಿ, ರುದ್ರಗೌಡನ ಕಂಬಳಿಯ ಮೇಲೆ, ಕಿವಿ ಬಾಗಿಲ ಕಡೆ ಮಾಡಿ ಕೂತಿದ್ದೆ.

ಸಾಹೇಬರ ಹಿಂದೆ ಉಸ್ತಾದ್ ಬಂದ. ಹೊಸದಾಗಿ ಸೇರಿದ ರಿಕ್ರೂಟ್‌ಗಳಿಗೆ ಕವಾಯತು ಕಲಿಸುವ ಹವಾಲ್ದಾರ. ನನ್ನನ್ನು ಎತ್ತಿ ಬುಡ ನೋಡಿದ. ಬಣ್ಣ ಹಸಿಯಾಗಿತ್ತು, ಅವನ ಹೆಬ್ಬೆರಳಿಗೆ ಅಂಟಿತು. ಬೆರಳು ನೋಡಿದ, ರುದ್ರಗೌಡನನ್ನು ನೋಡಿದ, ಪಕ್ಕದ ಮಂಚದ ಖಾಲಿ ಮೂಲೆ ನೋಡಿದ. ಅವನಿಗೆ ತಿಳಿಯಿತು. ನನ್ನ ಜೀವ ಹಗುರಾಯಿತು. ಆದರೆ ಅವನು ಬೆರಳನ್ನು ಒರೆಸಿಕೊಂಡು ದುರಗಪ್ಪನ ಮುಂದೆ ಹೋಗಿ ನಿಂತ.

“ಒಂದು ಮಗ್ ಕಾಯಲಾರದವನು ದೇಶದ ಗಡಿ ಏನು ಕಾಯುತ್ತೀಯ?” ಎಂದು ಹಿಂದಿಯಲ್ಲಿ ಗದರಿದ.

ಅಲ್ಲಿ ಕದ್ದವನು ಚುರುಕು, ಕಳೆದುಕೊಂಡವನು ದಡ್ಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇಡೀ ಸಾಮಾನನ್ನು ಬೆನ್ನಿಗೆ ಕಟ್ಟಿಸಿ, ಮೇ ತಿಂಗಳ ಮಧ್ಯಾಹ್ನದ ಬಿಸಿಲಿನಲ್ಲಿ ಮೈದಾನ ಸುತ್ತಲು ಹೇಳಿದ. ಸಾಕು ಎನ್ನುವವರೆಗೆ ಓಡಬೇಕು. ಹಾಗೆ ಹೇಳಿದವನು ಊಟಕ್ಕೆ ಹೋದ. ಕಿಟಕಿಯಿಂದ ನನಗೆ ಮೈದಾನ ಕಾಣುತ್ತಿತ್ತು. ಹತ್ತೊಂಬತ್ತು ಸುತ್ತು. ಇಪ್ಪತ್ತನೆಯದರಲ್ಲಿ ದುರಗಪ್ಪ ಕಣ್ಣುಕತ್ತಲೆ ಬಂದು ಮೈದಾನದಂಚಿನ ಕಾಲುವೆಗೆ ಬಿದ್ದ. ಎಡ ಮಂಡಿ ತಿರುಚಿತು. ರುದ್ರಗೌಡ ಕಿಟಕಿಯಲ್ಲಿ ನಿಂತು ನೋಡುತ್ತಿದ್ದ. “ಸಂಜೀಕ ಹೇಳಿಬಿಡ್ತೇನಿ” ಎಂದು ಗೊಣಗಿದ್ದು ನನಗೆ ಕೇಳಿಸಿತು. ಆ ಸಂಜೆ ಬರಲು ನಲವತ್ತು ವರ್ಷ ಹಿಡಿಯಿತು.

ಮಂಡಿ ಸರಿಹೋಗಲಿಲ್ಲ. ಓಟದ ಪರೀಕ್ಷೆಯಲ್ಲಿ ದುರಗಪ್ಪ ಎರಡು ಸಲ ಕುಂಟಿಕೊಂಡು ಹಿಂದೆ ಬಿದ್ದ. ಒಳ್ಳೆಯ ಸೈನಿಕನಾಗುವ ಲಕ್ಷಣವಿಲ್ಲ ಎಂಬ ಒಂದು ಕಾಗದ ಕೊಟ್ಟು ಮನೆಗೆ ಕಳಿಸಿದರು. ಅವನು ಟ್ರಂಕು ಹೊತ್ತು ಗೇಟು ದಾಟುವ ದಿನ ರುದ್ರಗೌಡ ಫೈರಿಂಗ್ ಅಭ್ಯಾಸಕ್ಕೆ ಹೋಗಿದ್ದ. ಬೇಕೆಂದೇ ಹೋಗಿದ್ದ.

ಅಲ್ಲಿಂದ ಇಪ್ಪತ್ತೆಂಟು ವರ್ಷ ನಾನು ಕಳ್ಳನ ಸಾಮಾನಾಗಿ ಬದುಕಿದೆ. ಈಗ ನನ್ನಲ್ಲಿ ಚಹಾ ತುಂಬಿತು, ರಮ್ ತುಂಬಿತು, ಹಿಮ ಕರಗಿಸಿದ ನೀರು ತುಂಬಿತು. ರುದ್ರಗೌಡ ಕೆಟ್ಟ ಸಿಪಾಯಿಯಲ್ಲ, ಅದನ್ನೂ ಹೇಳಬೇಕು. ಗುಂಡಿಗೆ ಬೆನ್ನು ತೋರಿಸಲಿಲ್ಲ. ಜೊತೆಗಾರರು ಹೊಸ ಸ್ಟೀಲ್ ಮಗ್ ತೆಗೆದುಕೊಂಡರೂ ನನ್ನನ್ನು ಬಿಡಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಒಬ್ಬನೇ ಇದ್ದಾಗ ನನ್ನನ್ನು ಬೋರಲು ಮಾಡಿ ಏಳರ ತಲೆಯನ್ನು ಉಗುರಿನಿಂದ ಕೆರೆಯುತ್ತಿದ್ದ. ಎರಡು ಸಲ ದುರಗಪ್ಪನಿಗೆ ಕಾಗದ ಬರೆದು ಹರಿದದ್ದನ್ನೂ ಕಂಡಿದ್ದೇನೆ. ಆಗೆಲ್ಲ ಇವತ್ತಲ್ಲ ನಾಳೆ ಹೇಳುತ್ತಾನೆ ಎಂದು ನಾನು ನಂಬಿದ್ದೆ.

ಆ ನಂಬಿಕೆ ಹೋದದ್ದು ಅವನೇ ಉಸ್ತಾದ್ ಆಗಿ ಹೋದ ವರ್ಷ. ಒಬ್ಬ ರಿಕ್ರೂಟ್ ತನ್ನ ಮಗ್ ಕಳೆದುಹೋಗಿದೆ ಎಂದು ಹೇಳಿ ಎದುರಿಗೆ ನಿಂತ. ರುದ್ರಗೌಡನ ಕೈಯಲ್ಲಿ ಚಹಾ ತುಂಬಿದ ನಾನಿದ್ದೆ. ಈಗಲಾದರೂ, ಎಂದುಕೊಂಡೆ. ಅವನು ಒಂದು ಗುಟುಕು ಕುಡಿದು, “ಒಂದು ಮಗ್ ಕಾಯಲಾರದವನು ದೇಶದ ಗಡಿ ಏನು ಕಾಯುತ್ತೀಯ?” ಎಂದ. ಅದೇ ಮಾತು, ಅದೇ ದನಿ. ಹುಡುಗ ಓಡಲು ಹೊರಟ. ನನಗೆ ಒಡೆದುಹೋಗಬೇಕೆನ್ನಿಸಿತು, ಆದರೆ ತಗಡು ಒಡೆಯುವುದಿಲ್ಲ.

ಆನರರಿ ಕ್ಯಾಪ್ಟನ್ ಆಗಿ ನಿವೃತ್ತನಾದ ರುದ್ರಗೌಡ ಧಾರವಾಡದಲ್ಲಿ ಮನೆ ಕಟ್ಟಿಸಿದ. ಅವನ ಬ್ಯಾಚಿನವರು ವರ್ಷಕ್ಕೊಮ್ಮೆ ಒಂದೊಂದು ಊರಿನಲ್ಲಿ ಸೇರುತ್ತಾರೆ. ಸೇರಿದಾಗ ಯುದ್ಧದ ಮಾತು ಕಡಿಮೆ, ಟ್ರೈನಿಂಗಿನ ಮಾತೇ ಜಾಸ್ತಿ. ಒದೆ ತಿಂದದ್ದು, ಕಪ್ಪೆಯಂತೆ ಕುಪ್ಪಳಿಸಿದ್ದು, ಕಣ್ಣೀರು ಹಾಕಿದ್ದು, ಎಲ್ಲವೂ ಈಗ ನಗು. ಹೊಟ್ಟೆ ಬಂದ ಮೇಲೆ ಹಸಿವೂ ತಮಾಷೆಯಾಗುತ್ತದೆ. ಆ ಹಳೆಯ ಕಾಲದ ಗುರುತು ಎಂದು ರುದ್ರಗೌಡ ನನ್ನನ್ನೂ ಒಯ್ಯುತ್ತಿದ್ದ.

ಆ ವರ್ಷದ ಕೂಟ ಗದಗಿನಲ್ಲಿ. ಒಂದು ಮಂಗಲ ಕಾರ್ಯಾಲಯ, ಹೊರಗೆ ಪೆಂಡಾಲು, ಊಟಕ್ಕೆ ಮುಂಚೆ ಒಂದೊಂದು ಗುಟುಕು ರಮ್. ಅದೇ ಬ್ಯಾಚಿನ ನಿವೃತ್ತ ಹವಾಲ್ದಾರ ಮಕ್ತುಮಸಾಬ ಕಥೆ ಹೇಳುವುದರಲ್ಲಿ ನಿಸ್ಸೀಮ. ಪ್ರತಿ ವರ್ಷ ಹೇಳುವ ಕಥೆಯನ್ನು ಅಂದೂ ಎತ್ತಿಕೊಂಡ.

“ನಮ್ಮ ದುರಗ್ಯಾನ ಮಗ್ ಹಾರಿಹೋಗಿದ್ದು ನೆನಪೈತಿಲ್ಲೋ? ಬೂಟಿನ್ಯಾಗ ಹುಡುಕಾಕತ್ತಿದ್ದ, ಬೂಟಿನ್ಯಾಗ! ಆಮ್ಯಾಲೆ ಉಸ್ತಾದ ಓಡಿಸಿದ ನೋಡು, ಬೆನ್ನ ಮ್ಯಾಲೆ ಸಂಸಾರ ಹೊತ್ತ ಅಗಸರ ಕತ್ತಿ ಓಡಿದಂಗ. ಹನ್ನೊಂದ ಸುತ್ತಿಗೆ ದಬಕ್ಕಂತ ಕಾಲುವ್ಯಾಗ!”

ಎಲ್ಲರೂ ತೊಡೆ ತಟ್ಟಿ ನಕ್ಕರು.

“ಹನ್ನೊಂದ ಅಲ್ರಿ. ಹತ್ತೊಂಬತ್ತ” ಎಂದಿತು ಒಂದು ದನಿ.

ಪೆಂಡಾಲಿನವನು. ಕುರ್ಚಿ, ಪಾತ್ರೆ, ಲೋಟ ಬಾಡಿಗೆಗೆ ಕೊಟ್ಟವನು. ಬೆಳಿಗ್ಗೆಯಿಂದ ಎಡಗಾಲು ಎಳೆಯುತ್ತ ಅಲ್ಲೇ ಓಡಾಡುತ್ತಿದ್ದ, ಯಾರೂ ಮುಖ ನೋಡಿರಲಿಲ್ಲ. ಈಗ ನೋಡಿದರು. ಅವನು ಒಸಡು ಕಾಣುವಂತೆ ನಕ್ಕ.

“ದುರಗ್ಯಾ!” ಎಂದು ಮಕ್ತುಮಸಾಬ ಎದ್ದು ಅಪ್ಪಿಕೊಂಡ. ಎಳೆದು ನಡುವೆ ಕೂರಿಸಿದರು. “ಲೇ ಗೌಡಾ, ದಪ್ಪ ಆಗೀಯಲ್ಲೋ” ಎಂದ ದುರಗಪ್ಪ, ನಲವತ್ತು ವರ್ಷ ನಡುವೆ ಇಲ್ಲವೇ ಇಲ್ಲ ಎಂಬಂತೆ. ರುದ್ರಗೌಡ ಗಡಿಬಿಡಿಯಲ್ಲಿ ನನ್ನೊಳಗೇ ರಮ್ ಸುರಿದು ಅವನ ಕೈಗೆ ಕೊಟ್ಟ. ನನ್ನ ಮೊದಲ ಒಡೆಯ ಮೊದಲ ಸಲ ನನಗೆ ಬಾಯಿ ಇಟ್ಟ. ಒಂದೇ ಗುಟುಕು ಕುಡಿದು, ನನ್ನನ್ನು ಮಂಡಿಯ ಮೇಲೆ ಇಟ್ಟುಕೊಂಡ.

“ಒಂದ ಮಾತ ಕೇಳ್ತೇನಿ, ಖರೇ ಹೇಳ್ರಿ” ಎಂದ. “ಆವತ್ತ ಯಾರರ ನನ್ನ ಮಗ್ ತಗೊಂಡಿದ್ರೇನು? ಇಲ್ಲಾ ನಾನ ಎಲ್ಲ್ಯರ ಬಿಟ್ಟ ಬಂದಿದ್ನೇನು? ನಮ್ಮಪ್ಪ ಸಾಯೋತನಕ ಕೇಳಿದ, ‘ಒಂದ ಮಗ್ ಜೋಪಾನ ಮಾಡಾಕ ಆಗಲಿಲ್ಲೇನೋ ನಿನಗ’ ಅಂತ. ನಾ ಬಂದ ದಿನ ಸ್ಟೇಷನ್ನಿನ್ಯಾಗ ಇದ್ದ. ನನ್ನ ಟ್ರಂಕ ಮುಟ್ಟಲಿಲ್ಲ. ನಾನ ಹೊತ್ಕೊಂಡ ಹಿಂದ ಹಿಂದ ನಡದೆ.”

ರುದ್ರಗೌಡನಿಗೆ ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ದೇವರೂ ಕೊಡಲಾರ. ತಲೆ ತಗ್ಗಿಸಿ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಆದರೆ ಎದುರಿಗೆ ಹದಿನೈದು ಜನ, ಎದೆಯ ಮೇಲೆ ಪದಕ. ರುದ್ರಗೌಡ ನಕ್ಕುಬಿಟ್ಟ. ನನ್ನನ್ನು ಕಸಿದುಕೊಂಡು, ಉಳಿದ ರಮ್ ನೆಲಕ್ಕೆ ಚೆಲ್ಲಿ, ಬುಡ ಮೇಲೆ ಮಾಡಿ ತೋರಿಸಿದ.

“ನಾನ ಹೊಡದಿದ್ನೋ ಮಾರಾಯಾ! ಒಂದಕ್ಕ ತಲಿ ಹಚ್ಚಿ ಏಳ ಮಾಡಿದ್ದೆ, ನೋಡಿಲ್ಲೆ! ತಗೋ, ನಿನ್ನ ಮಗ್ ನಿನಗ!”

ಮಕ್ತುಮಸಾಬ “ಅಬಾಬಾ, ಕ್ಯಾಪ್ಟನ್ ಸಾಹೇಬ್ರು ಭಾರೀ ಕಳ್ಳ!” ಎಂದ. ನಗು ಎದ್ದಿತು. ಕಥೆಗೆ ಇಷ್ಟು ವರ್ಷದ ಮೇಲೆ ಒಳ್ಳೆಯ ಬಾಲ ಸಿಕ್ಕಿತ್ತು. ದುರಗಪ್ಪನೂ ನಕ್ಕ, ನಗದೆ ಏನು ಮಾಡುತ್ತಾನೆ. ಬುಡದ ಅಂಕಿಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದ. ಬಣ್ಣ ಒಣಗಿ ಎಷ್ಟೋ ಕಾಲವಾಗಿತ್ತು.

ಅವನು ನನ್ನನ್ನು ಟೇಬಲ್ಲಿನ ಬಲ ಮೂಲೆಯಲ್ಲಿ ಇಟ್ಟ, ಕಿವಿಯನ್ನು ಬಾಗಿಲ ಕಡೆಗೆ ತಿರುಗಿಸಿದ.

“ಬ್ಯಾಡ್ರಿ ಸಾಹೇಬ್ರ” ಎಂದ. ಲೇ ಗೌಡಾ ಎಂದಿದ್ದ ಬಾಯಿ ಅದೇ. “ಈಗ ನನ್ನ ಗೋದಾಮಿನ್ಯಾಗ ಎಂಟನೂರ ಲೋಟ ಅದಾವ್ರಿ. ಆವತ್ತ ಏಳ ಗಂಟೇಕ ಒಂದ ಬೇಕಾಗಿತ್ತು.”

ಎದ್ದು, ಕಾಲು ಎಳೆಯುತ್ತ ಹಿಂದಿನ ಬಾಗಿಲಿಗೆ ಹೋದ. ಅಲ್ಲಿ ತೊಳೆದ ಲೋಟಗಳನ್ನು ಎಣಿಸುವ ದನಿ ಕೇಳಿಸಿತು. ಒಂದು ಸಲ ಎಣಿಸಿ, ಲೆಕ್ಕ ಸರಿಯಿದ್ದರೂ ಮತ್ತೆ ಮೊದಲಿನಿಂದ ಎಣಿಸಿದ. ಒಳಗೆ ಊಟಕ್ಕೆ ಎಲೆ ಹಾಕಿದರು.

ಅಂದಿನಿಂದ ರುದ್ರಗೌಡ ನನ್ನಲ್ಲಿ ಏನನ್ನೂ ಕುಡಿದಿಲ್ಲ. ಬಿಸಾಡುವ ಧೈರ್ಯವೂ ಇಲ್ಲ. ಧಾರವಾಡದ ಮನೆಯ ಶೋಕೇಸಿನಲ್ಲಿ, ಪದಕಗಳ ಪಕ್ಕ ನನ್ನನ್ನು ಇಟ್ಟಿದ್ದಾನೆ. ಹುಟ್ಟಿದಾಗ ತೋರಿಸಲಿಕ್ಕೆ ಇದ್ದ ಮಗ್, ಮುಪ್ಪಿನಲ್ಲಿ ಮತ್ತೆ ತೋರಿಸಲಿಕ್ಕೇ ಆದೆ. ಬಂದವರು ಕೇಳಿದರೆ ಟ್ರೈನಿಂಗಿನ ನೆನಪು ಎನ್ನುತ್ತಾನೆ. ದೇಶ ಕಾಯಲು ಕಲಿಸುವ ಜಾಗದಲ್ಲಿ ಪಕ್ಕದ ಮಂಚದವನನ್ನು ಕಾಯಲು ಯಾರೂ ಕಲಿಸಲಿಲ್ಲ. ನನಗೆ ತಿಳಿದದ್ದು ಇಷ್ಟೇ.

ಬೆಳಿಗ್ಗೆ ಗೋಡೆಯ ಗಡಿಯಾರ ಏಳು ಹೊಡೆಯಲು ಶುರುಮಾಡಿದರೆ ಅವನು ಟೀವಿಯ ದನಿ ಏರಿಸುತ್ತಾನೆ. ನನಗೆ ನಾಲಿಗೆಯಿಲ್ಲ ಎಂದು ಅವನಿಗೆ ಇನ್ನೂ ನಂಬಿಕೆ ಬಂದಿಲ್ಲ.